ಕಾಫಿಯೊಳಗಿನ ಚಾಕ್ರಿ

ನಮ್ಮ ಜಹೀರಾಬಾದಿನ ಮನೆಯಲ್ಲಿ ಬೆಳಗಿನ ಚಹಾ ಅಂದರೆ ಅದು ನನ್ನ ಕೈಯದೇ. ನಾರಾಯಣಖೇಡದಿಂದ ಮದುವೆಯಾಗಿ ಬಂದ ಮರುವಾರವೇ ಆ ಒಲೆ ನನ್ನ ಪಾಲಿಗೆ ಬಂತು. ಮೊದಲ ಕಪ್ಪು ನಮ್ಮ ಅತ್ತಿಯದು, ಯಜಮಾನರ ಅವ್ವನದು. ಆಕೆ ಬಶಿಗೆ ಸುರುವಿಕೊಂಡು, ಸುರ್ರಂತ ಎಳೆದು, "ಹಾಂ" ಅಂದಮೇಲೇ ಉಳಿದವರಿಗೆ. ಹೊಗಳುವುದು ಆಕೆಯ ಜಾಯಮಾನವಲ್ಲ. ಆ "ಹಾಂ" ಒಂದರ ಮೇಲೆಯೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೆ.

ನಮ್ಮ ಮೈದುನ ಬ್ಯಾಂಕಿನ ನೌಕರಿ ಮೇಲೆ ಹಾಸನಕ್ಕೆ ಹೋಗಿದ್ದವನು ಅಲ್ಲಿನ ಹುಡುಗಿಯನ್ನೇ ಮದುವೆಯಾದ. ಆಮೇಲೆ ತಾಂಡೂರಿಗೆ ವರ್ಗ ಆಯಿತು. ಅಲ್ಲಿ ಮನೆ ಸಿಗೋ ತನಕ ಹೆಂಡತಿಯನ್ನು ನಮ್ಮಲ್ಲಿ ಬಿಟ್ಟ. ನನ್ನ ನೆಗೆಣ್ಣಿ ಹೀಗೆ ಒಂದು ಟ್ರಂಕು, ಒಂದು ಹಿತ್ತಾಳೆ ಡಬ್ಬಿ ಸಮೇತ ಬಂದಿಳಿದಳು. ಡಬ್ಬಿಗೆ ಎರಡು ಅಂತಸ್ತು, ಮೇಲಿನದಕ್ಕೆ ತಳದ ತುಂಬ ಜರಡಿಯಂಥ ತೂತು.

"ತಳಾನೇ ತೂತು ಇದ್ದ ಡಬ್ಬಿ ಯಾಕ ಕೊಟ್ಟು ಕಳಿಸ್ಯಾರ ನಿಮ್ಮವ್ವ?" ಅಂದೆ, ನಗುತ್ತ. ಅಷ್ಟು ಮನಸಾರೆ ನಾನು ನಕ್ಕದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ಆಕೆ ಆ ಡಬ್ಬಿಗೆ ಕಾಫಿಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳ ಮುಚ್ಚಿ ಹೋಗಿ ಜಡೆ ಹಾಕಿಕೊಳ್ಳುತ್ತ ಕೂತಳು. ನನಗೆ ಮೊದಲು ಉರಿದದ್ದೇ ಅಲ್ಲಿ. ನನ್ನ ಚಹಾ ಕುದಿಯುವಾಗ ನಾನು ಒಲೆ ಬಿಟ್ಟು ಅಲುಗುವ ಹಾಗಿಲ್ಲ. ಹಾಲು ಉಕ್ಕೀತು, ಚಹಾಸೊಪ್ಪು ಕಹಿಯಾದೀತು ಅಂತ ಜೀವ ಕೈಯಲ್ಲಿ ಹಿಡಿದು ನಿಂತಿರುತ್ತೇನೆ. ಈಕೆಯದು ತಾನೇ ತೊಟ್ಟಿಕ್ಕುತ್ತದೆ! ಆಮೇಲೆ ಕಾಸಿದ ಹಾಲು ಬೆರೆಸಿ, ಒಂದು ಲೋಟದಿಂದ ಇನ್ನೊಂದಕ್ಕೆ ಮೊಳದುದ್ದ ಎತ್ತಿ ಹೊಯ್ದು ನೊರೆ ಬರಿಸಿದಳು. ಹುರಿಯುವ ಜೋಳ ಇನ್ನೇನು ಸೀದುಹೋಗಬೇಕು ಅನ್ನುವ ಗಳಿಗೆಗೆ ಮೊದಲು ಒಂದು ವಾಸನೆ ಬರುತ್ತದಲ್ಲ, ಅಂಥದು, ಅದರ ಮೇಲೆ ಬೆಲ್ಲದ ಪಾಕದ ನೆನಪು ಬರುವಂಥದೇನೋ ಮನೆಯೆಲ್ಲ ಹರಡಿತು. ಪಡಸಾಲೆಯಲ್ಲಿದ್ದ ನಮ್ಮ ಯಜಮಾನರು ಕರೆಯದೇ ಅಡುಗೆಮನೆಗೆ ಬಂದರು. ಹನ್ನೆರಡು ವರ್ಷದಲ್ಲಿ ನನ್ನ ಚಹಾದ ವಾಸನೆಗೆ ಅವರು ಹಾಗೆ ಎದ್ದು ಬಂದದ್ದು ನನಗೆ ನೆನಪಿಲ್ಲ.

ಅತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಕಹಿ ಅದ."

ನಾನು ದೇವರಿಗೆ ಕೈ ಮುಗಿದೆ.

"ಕಹಿ ಅದ ಖರೆ," ಇನ್ನೊಂದು ಗುಟುಕು ಎಳೆದಳು, "ಇಳದ ಮ್ಯಾಲ ಗಂಟಲಾಗ ಏನೋ ಸಿಹಿ ನಿಲ್ತದ ನೋಡು."

ಮುಗಿಯಿತು. ಅಂದಿನಿಂದ ಮೊದಲ ಕಪ್ಪು ಕಾಫಿಯದಾಯಿತು. ನನ್ನ ಚಹಾ ಹೊತ್ತು ಏರಿದ ಮೇಲೆ, ಬಂದುಹೋಗುವವರಿಗೆ. ನನಗೂ ಲೋಟ ಬರುತ್ತಿತ್ತು, "ಕುಡೀರಿ ಅಕ್ಕಾ" ಅಂತ. "ನನಗ ಪಿತ್ತ ಆಗ್ತದವ್ವಾ" ಅನ್ನುತ್ತಿದ್ದೆ. ಕುಡಿಯದೇ ಪಿತ್ತ ಆಗಿತ್ತು ಅನ್ನುವುದು ಬೇರೆ ಮಾತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ದಿನ ಪಕ್ಕದ ಮನೆ ಕಾಕಿ ಕಟ್ಟೆ ಮೇಲೆ ಕೂತು ಅತ್ತಿಯನ್ನು ಕೇಳಿದಳು: "ಸಣ್ಣ ಸೊಸಿ ಜೋಡಿ ನೀವೂ ತಾಂಡೂರಿಗೆ ಹೊಂಟೀರೇನ್ರಿ?"

"ನೋಡೂಣು," ಅಂದಳು ಅತ್ತಿ.

ಇಲ್ಲ ಅನ್ನಲಿಲ್ಲ, ನೋಡೂಣು! ಆ ಒಂದು ಮಾತಿಗೆ ನನ್ನ ನಿದ್ದೆ ಹೋಯಿತು. ಊರವರು ಏನಂದಾರು? ಹಿರೇ ಸೊಸೆ ಕೂಳು ಹಾಕಲಿಲ್ಲ ಅಂದಾರು. ಅದನ್ನೂ ತಡೆದುಕೊಳ್ಳಬಹುದು. ಯಜಮಾನರು ಬೆಳಿಗ್ಗೆ ಕೊಹೀರಿನ ಹೊಲಕ್ಕೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ. ಮಕ್ಕಳಿಗೆ ಸಾಲೆ. ದಿನವಿಡೀ ನನ್ನ ಜೊತೆ ಜಗಳಾಡಿ, ಬೈದು, ಮತ್ತೆ ತಾನೇ ಮಾತಾಡಿಸುತ್ತಿದ್ದದ್ದು ಅತ್ತಿ ಒಬ್ಬಳೇ. ಆಕೆಯೂ ಹೋದರೆ ನನ್ನ ಮಾತು ಕೇಳಲು ಉಳಿಯುವುದು ಎಮ್ಮೆ. ಅದಕ್ಕೂ ನನ್ನ ಮೇಲೆ ಅಂಥ ಪ್ರೀತಿಯೇನಿರಲಿಲ್ಲ.

ಅದರ ಮೇಲೆ ಅತ್ತಿ ಅದೇ ಕಾಕಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಸಣ್ಣಾಕಿ ಕಾಫಿ ಅಂದ್ರ ಬರೇ ಪುಡಿ ಅಲ್ಲವ್ವಾ. ಅದರಾಗ ಚಾಕ್ರಿ ಇರ್ತದ. ಚಾಕ್ರಿ ಇಲ್ಲಂದ್ರ ರುಚಿನೇ ಬರಂಗಿಲ್ಲಂತ."

ಒಳಗೆ ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ಚಾಕರಿ! ಅಂದರೆ ಆಕೆ ಮಾಡುವುದು ಸೇವೆ, ನಾನು ಇಷ್ಟು ವರ್ಷ ಮಾಡಿದ್ದೇನು ಹಾಗಾದರೆ? ಆಗಲಿ, ಚಾಕರಿ ಅಂದರೇನು ಅಂತ ತೋರಿಸಿಯೇಬಿಡೋಣ ಅಂತ ಹಟ ಹುಟ್ಟಿತು. ಅತ್ತಿ ಏಳುವ ಮೊದಲೇ ಕಾಲಿಗೆ ಬಿಸಿನೀರು. ಮಧ್ಯಾಹ್ನ ಮೊಣಕಾಲಿಗೆ ಎಣ್ಣೆ. ಹೊರಗೆ ಹೊರಟರೆ ಮುಂದೆ ಚಪ್ಪಲಿ. ಕೆಮ್ಮಿದರೆ ಕಷಾಯ, ಕೆಮ್ಮದಿದ್ದರೂ ಕಷಾಯ. ಕೂತರೆ ಬೆನ್ನಿಗೆ ದಿಂಬು. ಏಳಹೋದರೆ ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆ. ಹೊಲದ ಬದುವಿನ ಮೇಲೆ ನನಗಿಂತ ಜೋರಾಗಿ ನಡೆಯುವ ಹೆಂಗಸು!

ನಾಲ್ಕಾರು ದಿನ ಹೀಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಅತ್ತಿ ಎಣ್ಣೆ ಬಟ್ಟಲು ದೂಡಿ ಕೇಳಿದಳು: "ಖರೆ ಹೇಳು. ದವಾಖಾನಿ ಡಾಕ್ಟರ್ ನಿಮಗೇನರ ಹೇಳ್ಯಾನೇನು ನನ್ನ ಬಗ್ಗೆ?"

"ಇಲ್ಲರಿ ಅತ್ತಿ!"

"ಮತ್ತ ಯಾಕ ಸಾಯೋರಿಗೆ ಮಾಡಿದಂಗ ಮಾಡಾಕತ್ತಿ?"

ನಾನು ಎಣ್ಣೆ ಬಟ್ಟಲು ಎತ್ತಿಟ್ಟೆ. ಶನಿವಾರ ಮೈದುನ ಬಂದು ತಾಂಡೂರಿನಲ್ಲಿ ಮನೆ ಸಿಕ್ಕಿತು, ಒಳಗೆಲ್ಲ ಅಲ್ಲಿಯದೇ ಕಲ್ಲಿನ ನುಣುಪು ನೆಲ ಅಂದ. ಅತ್ತಿ ತಕ್ಷಣ, "ನಾನೂ ಬರ್ತೀನಪಾ," ಅಂದಳು. "ಇಲ್ಲಿ ಈಕಿ ಉಪಚಾರದಾಗ ನಾ ಉಳಿಯಂಗಿಲ್ಲ."

ಸಾಮಾನು ಕಟ್ಟುವಾಗ ನೆಗೆಣ್ಣಿಯ ಪುಡಿ ಡಬ್ಬಿ ನನ್ನ ಕೈಗೆ ಬಂತು. ತಡೆಯಲಾರದೆ ಕೇಳಿಯೇ ಬಿಟ್ಟೆ: "ಇದರಾಗ ಅದೇನು ಚಾಕರಿ ಇರ್ತದಂತಲ್ಲವ್ವಾ ನಿಂದು?"

ಆಕೆ ಕಣ್ಣು ಪಿಳಿಪಿಳಿ ಮಾಡಿದಳು. "ಚಾಕರಿನಾ? ಓ, ಚಿಕೋರಿ! ಅದೊಂದು ಗಿಡದ ಬೇರು ಅಕ್ಕಾ, ಹುರಿದು ಪುಡಿ ಮಾಡಿ ಬೆರೆಸ್ತಾರೆ. ಡಿಕಾಕ್ಷನ್ ಮಂದ ಬರುತ್ತೆ. ಅತ್ತೆಗೆ ಆ ಹೆಸರು ಬಾಯಿಗೆ ಬರಲ್ಲ."

ಒಂದು ಬೇರು! ಒಂದು ಗಿಡದ ಬೇರಿನ ಮೇಲೆ ಹೊಟ್ಟೆಕಿಚ್ಚು ಪಟ್ಟು ನಾನೇ ಅತ್ತಿಯನ್ನು ಎಣ್ಣೆ ಹಚ್ಚಿ ಮನೆಯಿಂದ ಹೊರಗೆ ಜಾರಿಸಿದ್ದೆ. ಯಜಮಾನರಿಗೆ ಹೇಳಿದರೆ ಉಂಡ ರೊಟ್ಟಿ ನೆತ್ತಿಗೇರುವಷ್ಟು ನಕ್ಕರು.

ಎರಡು ತಿಂಗಳು ಹೇಗೋ ಕಳೆದೆ. ಚಹಾ ಮಾಡುವುದು, "ಹಾಂ" ಅನ್ನುವವರಿಲ್ಲದೆ ಸುಮ್ಮನೆ ಕುಡಿಯುವುದು. ತಡೆಯಲಾಗದೆ, ಹೊಲದ ಹೊಸ ತೊಗರಿಬೇಳೆ ಕೊಟ್ಟುಬರುವ ನೆವ ಮಾಡಿ ತಾಂಡೂರಿನ ಬಸ್ಸು ಹತ್ತಿದೆ. ಅತ್ತಿ ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಳು. ಅದನ್ನು ನೋಡಿ ಆದ ಸಂತೋಷದಷ್ಟೇ ಸಂಕಟವೂ ಆಯಿತು.

ನೆಗೆಣ್ಣಿ ಕಾಫಿ ತಂದಳು. ಮನೆ ಆಕೆಯದು, ಪಿತ್ತದ ನೆವ ಹೇಳಲು ಬಾಯಿ ಬರಲಿಲ್ಲ; ಕುಡಿದೆ. ಚೆನ್ನಾಗಿತ್ತು, ಹಾಳಾಗಿ ಹೋಗಲಿ. ಕಹಿ ಇಳಿದ ಮೇಲೆ ಗಂಟಲಲ್ಲಿ ಸಿಹಿ ನಿಂತದ್ದೂ ಖರೆ.

ಅಡುಗೆಮನೆಯಲ್ಲಿ ಆಕೆ ದನಿ ತಗ್ಗಿಸಿದಳು. "ಅಕ್ಕಾ, ಚಹಾ ಹೇಗೆ ಮಾಡ್ತೀರಿ ನೀವು? ಅತ್ತೆ ದಿನಾ ಕಾಫಿ ಕುಡಿದು ಲೋಟ ಇಡ್ತಾ, 'ದೊಡ್ಡಾಕಿ ಚಹಾ ಬ್ಯಾರೇನೇ' ಅಂತಾರೆ. ಕೇಳಿ ಕೇಳಿ ನನಗೆ ಹೊಟ್ಟೆ ಉರಿಯುತ್ತೆ."

ಆಕೆಯ ಮುಖ ನೋಡಿದೆ. ಅದು ನನ್ನದೇ ಮುಖ. ಅಂಥ ಸುಖ ನನಗೆ ಬದುಕಿನಲ್ಲಿ ಹೆಚ್ಚು ಸಿಕ್ಕಿಲ್ಲ. ಆ ಖುಷಿಯಲ್ಲಿ ಎಲ್ಲ ಹೇಳಿಕೊಟ್ಟುಬಿಟ್ಟೆ: ಶುಂಠಿ ಯಾವಾಗ ಜಜ್ಜಬೇಕು, ಸೊಪ್ಪು ಎಷ್ಟು ಕುದಿಯಬೇಕು, ಹಾಲು ಹಾಕಿದ ಮೇಲೆ ಎಷ್ಟು ಸಲ ಉಕ್ಕಿಸಿ ಇಳಿಸಬೇಕು. ಹೇಳಿ ಮುಗಿಸಿದ ಮರುಗಳಿಗೆಯೇ ಹೊಳೆಯಿತು. ಇನ್ನು ಈಕೆ ಕಾಫಿಯನ್ನೂ ಮಾಡ್ತಾಳೆ, ನನ್ನ ಚಹಾವನ್ನೂ ಮಾಡ್ತಾಳೆ. ಅತ್ತಿಗೆ ಜಹೀರಾಬಾದಿಗೆ ಬರಲು ಕಾರಣವೇನು ಉಳಿಯಿತು?

ಮರುದಿನ ಬೆಳಿಗ್ಗೆ ನೆಗೆಣ್ಣಿ ಚಹಾ ಮಾಡಿದಳು. ಅತ್ತಿ ಬಶಿಗೆ ಸುರುವಿಕೊಂಡು ಎಳೆದಳು. "ಹಾಂ" ಬರಲಿಲ್ಲ. ನಾನು ಬಸ್ಸಿಗೆ ಹೊರಟಾಗ ನೋಡಿದರೆ ಅತ್ತಿಯೂ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ ನಡಿ," ಅಂದಳು. "ಆಕಿಗೆ ಚಹಾ ಕಲಿಸಿ ಹೊಂಟೀಯಲ್ಲ, ಆಕಿ ಕಲಿಯೋತನಕಾ ಅದನ್ನ ಕುಡಿಯೋರು ಯಾರು?"

ಬಸ್ಸಿನಲ್ಲಿ ಆಕೆಯ ಪಕ್ಕ ಒತ್ತಿ ಕೂತೆ. ಗೆದ್ದೆ ಅನ್ನಿಸಿತು. ಬಸ್ಸು ಊರು ದಾಟಿ ಗಾಳಿ ಒಳಗೆ ಬಂದಾಗ ಆಕೆಯ ತೊಡೆ ಮೇಲಿನ ಕೈಚೀಲದಿಂದ ಘಮ್ಮಂತ ಕಾಫಿಪುಡಿಯ ವಾಸನೆ ಬಂತು.