ಬಿಳಿ ದೀಪಕ್ಕೆ ಜಾಗವಿಲ್ಲ

“ಗಾಡಿ ಹಟಾವೋ. ಆ ಜಗ್ಯಾ ಅಮಾರಾ ರಾವ್‌ಭಾಯಿನೀ ಛೇ.”

ಗಾಡಿ ತೆಗೆಯಿರಿ, ಇದು ನಮ್ಮ ರಾವ್‌ಭಾಯಿಯ ಜಾಗ ಎಂದು ಗುಜರಾತಿಯಲ್ಲಿ ಹೇಳುತ್ತಾ ಎದುರುಮನೆಯ ಅಜ್ಜಿ ಕಾಂತಾಬಾ ಉಯ್ಯಾಲೆಯಿಂದೆದ್ದು ಬಂದು, ಕೋಲು ಅಡ್ಡ ಹಿಡಿದು ನನ್ನ ಹಳೆಯ ಜೀಪನ್ನು ತಡೆದರು. ಆ ರಾವ್‌ಭಾಯಿ ನಾನೇ. ಅವರಿಗೆ ಕಣ್ಣು ಮಂಜು. ದಿನಾ ಸಂಜೆ ಜೀಪಿನ ಮಂಕು ಹಳದಿ ದೀಪ ನೋಡಿಯೇ ನನ್ನ ಗುರುತು ಹಿಡಿಯುತ್ತಿದ್ದರಂತೆ. ನಾನು ಅವತ್ತಷ್ಟೇ ಗೋರ್ವಾ ಬಡಾವಣೆಯ ಗ್ಯಾರೇಜಿನಲ್ಲಿ ಬಿಳಿ ಎಲ್‌ಇಡಿ ಹಾಕಿಸಿಕೊಂಡು ಹೆಮ್ಮೆಯಿಂದ ಬಂದಿದ್ದೆ. ನನ್ನ ದನಿ ಕೇಳಿದ ಮೇಲೆಯೇ ಕೋಲು ಕೆಳಗಿಳಿದದ್ದು.

ಹೆದ್ದಾರಿಯಲ್ಲಿ ಆ ಬಿಳಿ ಬೆಳಕು ಸೊಗಸಾಗಿದೆ. ಮನೆ ಮುಂದೆ ಬಂದಾಗ ಮಾತ್ರ ಅದನ್ನು ಆರಿಸಿ, ಮಡ್‌ಗಾರ್ಡಿನ ಮೇಲಿನ ಪುಟ್ಟ ಹಳದಿ ದೀಪಗಳನ್ನು ಹಾಕುತ್ತೇನೆ. ಎದುರಿನ ಉಯ್ಯಾಲೆಯಲ್ಲಿ ಒಂದು ಕೈ ಮೇಲೇಳುತ್ತದೆ.