ಚಿಕ್ಕಪ್ಪನ ಕಾರು, ಭಾವನ ಕಾರು

ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿವೆ. ನನ್ನ ಚಿಕ್ಕಪ್ಪ ಮೇಲಿನ ಮೊದಲ ತಿರುವಿನಲ್ಲೇ ಕಾರಿನ ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಕೆಳಗೆ ಬಣ್ಣಾರಿ ಬರುವವರೆಗೂ ಹಾಗೆಯೇ ಉರುಳಿಸಿಕೊಂಡು ಹೋಗುತ್ತಿದ್ದ. ನಮ್ಮ ಕಡೆ ಹಳೆಯ ಗಾಡಿ ಇಟ್ಟುಕೊಂಡವರು ಅನೇಕರು ಮಾಡುತ್ತಿದ್ದದ್ದೇ ಅದು. ಡೀಸೆಲ್ ಉಳಿಯುತ್ತದೆ ಎನ್ನುವುದು ಒಂದು ಕಾರಣ. ಸದ್ದಿಲ್ಲದೆ ಇಳಿದರೆ ತಿರುವಿನಾಚೆ ಆನೆ ಕೊಂಬೆ ಮುರಿಯುವುದು ಮೊದಲೇ ಕೇಳಿಸುತ್ತದೆ ಎನ್ನುವುದು ಇನ್ನೊಂದು.

ಆ ಕಾರು ನಮ್ಮ ದೇಶದಲ್ಲೇ ತಯಾರಾದದ್ದು, ಹೆಚ್ಚುಕಡಿಮೆ ನನ್ನ ವಯಸ್ಸಿನದು. ಜೀರಹಳ್ಳಿ ಕಡೆಯ ಕಲ್ಲುದಾರಿಯಲ್ಲಿ ಹೊಟ್ಟೆ ತಾಗದಷ್ಟು ಎತ್ತರ. ಏನೇ ಮುರಿದರೂ ತಾಳವಾಡಿಯಲ್ಲೇ ಸಾಮಾನು ಸಿಗುತ್ತಿತ್ತು, ಸಿಗದಿದ್ದರೆ ತಂತಿ ಸುತ್ತಿದರೂ ನಡೆಯುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಬೆಳಿಗ್ಗೆ ನಾಲ್ಕು ಜನ ತಳ್ಳಬೇಕು. ಅದರ ಬ್ರೇಕನ್ನು ಎಂಜಿನ್ ಓಡುತ್ತಿದ್ದರೂ ನಿಂತಿದ್ದರೂ ಇಡೀ ಮೈಭಾರ ಹಾಕಿಯೇ ತುಳಿಯಬೇಕು. ಸ್ಟೇರಿಂಗ್ ಕೂಡ ಹಾಗೆಯೇ, ಎರಡು ತೋಳಿನ ಕೆಲಸ. ಎಂಜಿನ್ನಿನಿಂದ ಯಾವ ಸಹಾಯವನ್ನೂ ಪಡೆಯದ ಗಾಡಿಗೆ ಎಂಜಿನ್ ನಿಂತರೇನು ನಷ್ಟ? ಇದು ನನಗೆ ಆಮೇಲೆ ಅರ್ಥವಾದದ್ದಲ್ಲ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು, ಮೊದಲೇ ಗೊತ್ತಿತ್ತು.

ನನ್ನನ್ನು ಓದಿಸಿದವನು ಈ ಚಿಕ್ಕಪ್ಪನೇ. ಅಪ್ಪ ಹೋದ ಮೇಲೆ ಮನೆಯಲ್ಲಿ ಅವನ ಮಾತೇ ಮಾತು. ಅಕ್ಕನನ್ನು ಚಾಮರಾಜನಗರದ ಹತ್ತಿರದ ಹಳ್ಳಿಗೆ ಕೊಟ್ಟವನೂ ಅವನೇ. ಭಾವ ಕೋಸು, ಬೆಳ್ಳುಳ್ಳಿ ವ್ಯಾಪಾರದವರು, ಮೆತ್ತಗಿನ ಮನುಷ್ಯ. ಮದುವೆಯಾದ ಹೊಸದರಲ್ಲಿ ಅವರು ಬಸ್ಸಿಳಿದು ನಡೆದುಕೊಂಡು ಬಂದಾಗ ಚಿಕ್ಕಪ್ಪ ಜಗಲಿಯ ಮೇಲಿದ್ದವರಿಗೆಲ್ಲ ಕೇಳುವಂತೆ, “ಬಸ್ನಲ್ಲೇ ಬಂದ್ರಾ ಅಳಿಮಯ್ಯ? ಒಂದ್ ಮಾತ ಯೋಳುದ್ರ ನನ್ ಗಾಡೀಲಿ ಕರ್ಕಂಡ್ ಬರ್ತಿದ್ದೆ. ನಿಮ್ದು ಗಾಡಿ ಅದ್ ಯಾವತ್ ಬತ್ತದೋ” ಎನ್ನುತ್ತಿದ್ದ. ಅದನ್ನು ಭಾವ ವರ್ಷಗಟ್ಟಲೆ ತಲೆತಗ್ಗಿಸಿ ಕೇಳಿದರು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿರಬೇಕು. ಭಾವ ಕೊಯಮತ್ತೂರಿನ ಗಿರಣಿ ಮಾಲೀಕರೊಬ್ಬರಿಂದ ಒಂದು ಬಿಳಿ ಕಾರು ಕೊಂಡರು. ಹಡಗಿನಲ್ಲಿ ಬಂದ ಕಾರು. ಗೇರು ತಾನೇ ಬದಲಾಗುತ್ತದೆ, ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತದೆ, ಅಪಘಾತವಾದರೆ ಎದುರಿನಿಂದ ಬಲೂನು ಉಬ್ಬಿ ಎದೆಗೆ ಅಡ್ಡ ಬರುತ್ತದೆ. ಕನ್ನಡಿ ಒಡೆದರೆ ಹೊಸದು ಬರಲು ಒಂದು ತಿಂಗಳು. ನಮ್ಮ ದಾರಿಯ ಉಬ್ಬುಗಳಿಗೆಲ್ಲ ಹೊಟ್ಟೆ ಉಜ್ಜಿಕೊಳ್ಳುತ್ತಿತ್ತು. ಆದರೆ ಅದು ಅವರ ಬಳಿ ಇದ್ದಷ್ಟು ದಿನ ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ, ಒಮ್ಮೆಯೂ ಯಾರೂ ತಳ್ಳಲಿಲ್ಲ. ಇದನ್ನು ಬರೆದಿಡಬೇಕು, ಏಕೆಂದರೆ ನಮ್ಮ ಊರಿನಲ್ಲಿ ಈಗ ಯಾರೂ ಇದನ್ನು ಹೇಳುವುದಿಲ್ಲ.

ಭಾವನಿಗೆ ಬೇಕಾಗಿದ್ದದ್ದು ಒಂದೇ. ಚಿಕ್ಕಪ್ಪ ಒಮ್ಮೆ ಆ ಕಾರಿನಲ್ಲಿ ಕೂತು, ಗಾಡಿ ಚೆನ್ನಾಗಿದೆ ಎನ್ನಬೇಕು. ಸತ್ಯಮಂಗಲಕ್ಕೆ ಕೋಸಿನ ಬೀಜ ತರಲು ಹೊರಟಾಗ ಅವರು ಚಿಕ್ಕಪ್ಪನನ್ನು ಕರೆದದ್ದು ಅದಕ್ಕೇ. ಹಿಂದಿನ ಸಂಜೆ ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಓದಿ ಯೋಳು ಬಾಮೈದ, ಮಾವ್ನೂ ಕೇಳ್ಲಿ” ಎಂದರು. ನಾನು ಜಗಲಿಯಲ್ಲಿ ಕೂತು ಓದಿ ಕನ್ನಡದಲ್ಲಿ ಹೇಳಿದೆ. ಗಾಡಿ ಚಲಿಸುವಾಗ ಎಂಜಿನ್ ನಿಲ್ಲಿಸಬಾರದು, ನಿಲ್ಲಿಸಿದರೆ ಒಂದೆರಡು ಸಲ ತುಳಿದ ಮೇಲೆ ಬ್ರೇಕು ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ ಎಂಬ ಪುಟವನ್ನೂ ಓದಿದೆ.

ಚಿಕ್ಕಪ್ಪ ಎಲೆ ಉಗಿದು ನಕ್ಕ. “ಪುಸ್ತಕ ಓದ್ಕಂಡು ಓಡ್ಸದು ಒಂದ್ ಗಾಡಿಯೇನ್ಲಾ? ಮೂಗ್ ಇಡುದ್ರ ಸತ್ತೋಗ ಮಗೀನಂಗದ.”

ಎಲ್ಲರೂ ನಕ್ಕರು. ನಗು ತಡೆಯಲಾಗದೆ ಪುಸ್ತಕ ಮುಚ್ಚಿದವನು ನಾನು.

ಮರುದಿನ ಬೆಳಿಗ್ಗೆ ಹೊರಟೆವು. ಭಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಚಿಕ್ಕಪ್ಪ, ಹಿಂದಿನ ಸೀಟಿನ ನಡುವೆ ನಾನು. ಹಾಸನೂರು ದಾಟುವವರೆಗೂ ಚಿಕ್ಕಪ್ಪ ಸುಮ್ಮನಿದ್ದ. ತಂಪು ಗಾಳಿ ಬರುವ ಕಂಡಿಗೆ ಒಮ್ಮೆ ಕೈಯನ್ನೂ ಒಡ್ಡಿದ. ಭಾವ ಅದನ್ನು ಓರೆಗಣ್ಣಿನಲ್ಲಿ ನೋಡಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಘಾಟಿ ಶುರುವಾದ ಮೇಲೆ ಚಿಕ್ಕಪ್ಪನ ಬಾಯಿಯೂ ಶುರುವಾಯಿತು.

“ಆಫ್ ಮಾಡಿ ಅಳಿಮಯ್ಯ. ಸುಮ್ನ ಯಾಕ ಡೀಸೆಲ್ ಕುಡುಸ್ತಿದ್ದರಿ?”

“ಬ್ಯಾಡ ಮಾವ. ಇದ ಅಂಗ ಬುಡಕ್ಕಾಗಲ್ಲ.”

“ಬುಡಕ್ಕಾಗದ್ ಗಾಡಿಗ ಅಷ್ಟೊಂದ್ ದುಡ್ ಸುರುದ್ರಲ್ಲ. ನಂದು ಆಡ್ಕಂಡ್ ಇಳೀತದ. ಧೈರ್ಯ ಇಲ್ದಿದ್ರ ಎಡ್ತೀನ ಕೇಳ್ಕಂಡ್ ಬರ್ಬೇಕಾಗಿತ್ತು.”

ಭಾವನ ಕಿವಿ ಕೆಂಪಗಾಯಿತು. ನಾನು ಹಿಂದೆ ಕೂತು ಮತ್ತೆ ನಕ್ಕೆ. ಆರನೆಯ ತಿರುವು ಮುಗಿದು ಸ್ವಲ್ಪ ನೇರ ದಾರಿ ಬಂತು. ಚಿಕ್ಕಪ್ಪ ಭಾವನ ಎದೆಗೆ ಅಡ್ಡವಾಗಿ ಬಾಗಿ, ಸ್ಟೇರಿಂಗ್ ಆಚೆ ಕೈ ತೂರಿಸಿ, ಕೀಲಿಕೈ ತಿರುಗಿಸಿಬಿಟ್ಟ.

ಎಂಜಿನ್ ನಿಂತಿತು. ತಂಪು ಗಾಳಿಯೂ ನಿಂತಿತು. ಚಕ್ರದ ಸದ್ದು ಮಾತ್ರ ಉಳಿಯಿತು.

“ನೋಡುದ್ರಾ? ಏನಾಯ್ತು? ಭೂಮಿ ಬಾಯ್ ಬುಡ್ತಾ?” ಎಂದ ಚಿಕ್ಕಪ್ಪ.

ಭಾವ ಬ್ರೇಕ್ ತುಳಿದರು, ಹಿಡಿಯಿತು. ಎರಡೂ ಕೈಯಲ್ಲಿ ಎಳೆದು ಏಳನೆಯ ತಿರುವನ್ನು ಹೇಗೋ ತಿರುಗಿಸಿದರು. ಎರಡನೆಯ ಸಲ ತುಳಿದಾಗ ಅರ್ಧ ಹಿಡಿಯಿತು. ಮೂರನೆಯ ಸಲ ಅವರ ಮಂಡಿ ಅಲ್ಲೇ ನಿಂತಿತು, ಪಾದದ ಕೆಳಗೆ ಬಂಡೆ ಇಟ್ಟಂತೆ.

“ಮಾವ, ಬ್ರೇಕ್ ಇಲ್ಲ.”

“ನಾಟ್ಕ ಆಡ್ಬ್ಯಾಡಿ.”

“ಬ್ರೇಕ್ ಇಲ್ಲ ಮಾವ!”

ಇಲ್ಲಿಂದ ಮುಂದಿನದು ಎಷ್ಟು ಹೊತ್ತಿನದೋ ನನಗೆ ಗೊತ್ತಿಲ್ಲ. ನಾನು ಇದನ್ನು ದಿನವೂ ನೋಡುತ್ತೇನೆ, ಆದ್ದರಿಂದ ಅದು ಉದ್ದವಾಗುತ್ತ ಹೋಗಿದೆ. ಭಾವನ ಎರಡು ಕೈಗಳೂ ಸ್ಟೇರಿಂಗಿನಲ್ಲೇ ಸಿಕ್ಕಿಕೊಂಡಿದ್ದವು, ಒಂದನ್ನು ಬಿಟ್ಟರೂ ಕಾರು ತಿರುಗುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎರಡು ಸೀಟುಗಳ ನಡುವೆ ಇತ್ತು. ನನ್ನ ಮೊಣಕಾಲಿನಿಂದ ಒಂದು ಮೊಳ ದೂರ. ಅದನ್ನು ನೋಡುತ್ತಲೇ ಇದ್ದೆ. ಅದರ ತುದಿಯ ಗುಂಡಿ ಸವೆದಿತ್ತು ಎಂಬುದೂ ನೆನಪಿದೆ. ನಾನು ಕೈ ಚಾಚಲಿಲ್ಲ. ನನ್ನ ಕೈಗಳು ಚಿಕ್ಕಪ್ಪನ ಸೀಟಿನ ಬೆನ್ನನ್ನು ತಬ್ಬಿಕೊಂಡಿದ್ದವು.

ಎದುರಿನ ತಿರುವಿನಲ್ಲಿ ಲೋಡು ತುಂಬಿದ ಲಾರಿಯೊಂದು ಹಾರನ್ ಹಾಕುತ್ತ ಹತ್ತುತ್ತಿತ್ತು. ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಮರಗಳ ತುದಿ. ಬಲಕ್ಕೆ ಕಡಿದ ಬಂಡೆ. ಎಡಕ್ಕೆ ಬಿಟ್ಟರೆ ಮೊದಲು ಹೋಗುವುದು ಚಿಕ್ಕಪ್ಪ. ಭಾವ ಎದ್ದು ನಿಂತವರಂತೆ ಮೈಯೆಲ್ಲ ಹಾಕಿ ಬಲಕ್ಕೆ, ತಮ್ಮ ಕಡೆಗೆ, ಎಳೆದರು. ಕಾರು ಬಂಡೆಗೆ ಗುದ್ದಿ ನಿಂತಿತು.

ಚಿಕ್ಕಪ್ಪನ ಹಣೆಯ ಮೇಲೆ ಒಂದು ಬೋರೆ ಎದ್ದಿತು, ಅಷ್ಟೇ. ಅವನು ಇಳಿದು, ಮುಂದೆ ಹೋಗಿ, ಮಡಿಸಿದ ಕಾಗದದಂತಾಗಿದ್ದ ಮೂತಿಯನ್ನು ಚಪ್ಪಲಿ ಕಾಲಿನಲ್ಲಿ ಒದ್ದ. “ಥೂ, ಬಿಸ್ಕತ್ ಡಬ್ಬ ಇದ್ದಂಗದ ಕಣ್ಲಾ. ಬಲೂನ್ ಬತ್ತದ ಅಂದ್ರಲ್ಲ, ಎಲ್ಲ್ ಬಂತು?” ಎಂದ. ಭಾವ ಇನ್ನೂ ಒಳಗೇ ಇದ್ದರು. ಅವರ ಬಲಗಾಲು ಒಳನುಗ್ಗಿದ ತಗಡಿನ ಕೆಳಗೆ ಸಿಕ್ಕಿತ್ತು. ತಿರುಗಿ ನನ್ನನ್ನು ನೋಡಿದರು. ಲಾರಿಯ ಡ್ರೈವರ್ ಹಾರೆ ತಂದು ಬಾಗಿಲು ಮೀಟಿ ತೆಗೆದ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಪಾದದ ಗಂಟಿನ ಮೇಲಕ್ಕೆ ಕಾಲು ಕತ್ತರಿಸಿದರು.

ಕಾರನ್ನು ಸತ್ಯಮಂಗಲದ ಒಂದು ಶೆಡ್ಡಿಗೆ ಎಳೆದು ತಂದಿದ್ದರು. ಅದರಲ್ಲಿದ್ದ ಕಾಗದಪತ್ರ ತರಲು ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಹೋದ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವನು, ತಮಿಳಿನಲ್ಲಿ ಮಾತಾಡಿದ. ಮೂತಿ ನಜ್ಜುಗುಜ್ಜಾದದ್ದರಿಂದಲೇ ಜೀವ ಉಳಿದಿದೆ, ಪೆಟ್ಟನ್ನೆಲ್ಲ ತಗಡು ತಿಂದಿದೆ ಎಂದ. ಹೊರಗೆ ನಿಂತಿದ್ದ ಚಿಕ್ಕಪ್ಪನ ಕಾರನ್ನು ತೋರಿಸಿ, ಇದಾಗಿದ್ದರೆ ಗಾಡಿ ಹಾಗೇ ಇರುತ್ತಿತ್ತು, ಸ್ಟೇರಿಂಗ್ ಕಂಬ ಎದೆಯಿಂದ ಬೆನ್ನಿಗೆ ಬರುತ್ತಿತ್ತು ಎಂದ. ಗಾಡಿ ತಾನಾಗಿ ನಿಂತುಹೋಯಿತು, ಬಲೂನಾದರೂ ಯಾಕೆ ಬರಲಿಲ್ಲ ಎಂದು ಚಿಕ್ಕಪ್ಪ ಜೋರಾಗಿ ಕೇಳಿದ. ಮೆಕ್ಯಾನಿಕ್ ಒಳಗೆ ಬಗ್ಗಿ ನೋಡಿ, ಕೀಲಿ ಆಫ್‌ನಲ್ಲಿದ್ದರೆ ಹೇಗೆ ಬರುತ್ತದೆ ಎಂದ. ಎಂಜಿನ್ ತಾನಾಗಿ ನಿಂತಿದ್ದರೆ ಕೀಲಿ ತಿರುಗಿರುವುದಿಲ್ಲವಲ್ಲ ಸಾರ್, ಯಾರು ತಿರುಗಿಸಿದ್ದು?

“ಅದ್ರಷ್ಟಕ್ಕ ಅದೇ ಆಫಾಯ್ತು. ಕೀಲಿ ಇವ್ನ್ ತಿರುಗ್ಸಿರ್ಬೇಕು, ಆಮ್ಯಾಕ” ಎಂದು ಚಿಕ್ಕಪ್ಪ ನನ್ನ ಕಡೆ ನೋಡಿದ.

ನಾನು ಹೌದೆಂದು ತಲೆಯಾಡಿಸಿದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಕೇಳಿದಾಗಲೂ ಅದನ್ನೇ ಹೇಳಿದೆ. “ನಿಜ ಯೋಳ್ಲಾ. ಗಾಡಿ ಅದೇ ನಿಂತೋಯ್ತಾ?” ಎಂದಳು. “ಊ ಕಣಕ್ಕ” ಎಂದೆ. ಭಾವ ಯಾರ ಮುಂದೆಯೂ ಚಿಕ್ಕಪ್ಪನ ಹೆಸರೆತ್ತಲಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ನನಗೆ ನಿಜ ಹೇಳುವ ಅವಕಾಶ ಕೊಡುತ್ತಿದ್ದರು. ಅಷ್ಟು ದೊಡ್ಡ ಅವಕಾಶವನ್ನು ನನಗೆ ಮತ್ತೆ ಯಾರೂ ಕೊಟ್ಟಿಲ್ಲ.

ಊರಿನಲ್ಲಿ ಚಿಕ್ಕಪ್ಪ ಈ ಕಥೆಯನ್ನು ಹೇಳಿ ಹೇಳಿ ನುಣ್ಣಗೆ ಮಾಡಿದ. ನಡುದಾರಿಯಲ್ಲಿ ತಾನಾಗಿ ನಿಂತ ವಿದೇಶಿ ಕಾರು, ಬಾರದ ಬಲೂನು, ಬಿಸ್ಕತ್ ಡಬ್ಬ. ಒಬ್ಬಿಬ್ಬರು ವಿದೇಶಿ ಕಾರು ಕೊಳ್ಳುವ ಆಸೆಯನ್ನೇ ಬಿಟ್ಟರು. ನಡುನಡುವೆ ಅವನು, “ಬೇಕಾದ್ರ ಇವ್ನ ಕೇಳಿ, ಓದುದ್ ಉಡ್ಗ, ಅಲ್ಲೇ ಇದ್ದ” ಎನ್ನುತ್ತಿದ್ದ.

ಮುಂದಿನ ವರ್ಷ ಭಾವ, ಅಕ್ಕ ನಮ್ಮ ಮನೆಗೆ ಬಂದರು. ತಾಳವಾಡಿಯಲ್ಲಿ ಬಸ್ಸಿಳಿದವರನ್ನು ಚಿಕ್ಕಪ್ಪನೇ ತನ್ನ ಕಾರಿನಲ್ಲಿ ಕರೆತಂದ. ಜಗಲಿಯ ಮೇಲೆ ನಾಲ್ಕೈದು ಜನ ಇದ್ದರು. ಕಥೆ ಮತ್ತೆ ಶುರುವಾಯಿತು. ಭಾವ ಪಂಚೆಯ ಅಂಚು ಸರಿಸಿ, ಕಟ್ಟುಗಾಲಿನ ಬೆಲ್ಟು ಸಡಿಲಿಸುತ್ತ ಕೂತಿದ್ದರು. ಪಕ್ಕದ ಮನೆಯವರು, “ಎರಡ್ನೂ ಕಂಡೋರು ನೀವು. ನೀವೇ ಯೋಳಿ, ಯಾವ್ ಗಾಡಿ ವಾಸಿ?” ಎಂದು ಕೇಳಿದರು.

ಭಾವ ಚಿಕ್ಕಪ್ಪನ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು. ಸಾಕಷ್ಟು ಹೊತ್ತು ನೋಡಿದರು. ನಾನು ಅಂಗಳದ ಕಡೆ ಮುಖ ಮಾಡಿದೆ.

“ಮಾವನ್ ಗಾಡೀನೇ ವಾಸಿ” ಎಂದರು.

“ಕೇಳುದ್ರಾ!” ಎಂದು ಚಿಕ್ಕಪ್ಪ ಅವರ ತೊಡೆಗೆ ಹೊಡೆದು ನಕ್ಕ. “ಇಷ್ಟ್ ಯೋಳಕ ಒಂದ್ ಕಾಲ್ ಕಳ್ಕಬೇಕಾಗಿತ್ತಾ ಅಳಿಮಯ್ಯ?”

ಜಗಲಿಯೆಲ್ಲ ನಕ್ಕಿತು. ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಚಿಕ್ಕಪ್ಪನಿಗೆ, ಬಂದವರಿಗೆ, ಭಾವನಿಗೆ ಒಂದೊಂದೇ ಲೋಟ ಕೈಗೆ ಕೊಟ್ಟಳು. ನನ್ನದನ್ನು ನಾನು ಚಾಚಿದ ಕೈಯ ಪಕ್ಕದಲ್ಲೇ, ನೆಲದ ಮೇಲೆ ಇಟ್ಟು ಒಳಗೆ ಹೋದಳು.