ಅಕ್ಕ ಕತ್ತರಿಸಿದ ಕಾದಂಬರಿ

ಆ ಶನಿವಾರ ಜನ್ನಾಪುರದ ಅಕ್ಕನ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಊಟವಾಯಿತು. ಅಕ್ಕ ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಹೊಸ ಕಾದಂಬರಿಯೊಂದನ್ನು ಬೋರಲು ಮಲಗಿಸಿ, ಬ್ಲೇಡಿನಿಂದ ಅದರ ಬೆನ್ನನ್ನು ಸೀಳಿದಳು.

ಪುಸ್ತಕಗಳನ್ನು ಪ್ರೀತಿಸುವವರು ದಯವಿಟ್ಟು ಸಿಟ್ಟಾಗಬೇಡಿ. ಮೊದಲ ಸಲ ನೋಡಿದಾಗ ನಾನೂ ಕಿರುಚಿದ್ದೆ. ಆದರೆ ದಪ್ಪ ಪುಸ್ತಕ ಬಂದರೆ ನಮ್ಮಿಬ್ಬರದು ಅದೇ ಪದ್ಧತಿ. ಇರುವುದು ಒಂದು ಪ್ರತಿ, ಓದುವವರು ಇಬ್ಬರು. ಅವಳಿರುವುದು ಭದ್ರಾವತಿಯ ಜನ್ನಾಪುರದಲ್ಲಿ, ನಾನು ಶಿವಮೊಗ್ಗದ ನವುಲೆಯಲ್ಲಿ. ಕಾಯುವ ತಾಳ್ಮೆ ಇಬ್ಬರಿಗೂ ಇಲ್ಲ. ಮೊದಲರ್ಧ ಮುಗಿಸಿದವಳು ಅದನ್ನು ಇನ್ನೊಬ್ಬಳಿಗೆ ಕಳಿಸಿ ಉಳಿದರ್ಧ ಹಿಡಿಯಬೇಕು. ಸಾಗಿಸುವ ಕೆಲಸ ಭಾವನದು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಅವರು ಸಾಮಾನಿಗೆಂದು ಶಿವಮೊಗ್ಗಕ್ಕೆ ಬಂದಾಗಲೆಲ್ಲ ಊಟದ ಡಬ್ಬಿಯ ಜೊತೆ ಅರ್ಧ ಪುಸ್ತಕವನ್ನೂ ಹೊತ್ತು ತರುತ್ತಿದ್ದರು. ಹಾಗಾಗಿ ನಾನು ಓದಿರುವ ಎಷ್ಟೋ ದುರಂತ ಕಥೆಗಳಿಗೆ ಉಪ್ಪಿನಕಾಯಿಯ ವಾಸನೆಯಿದೆ.

"ಎಲ್ಲೆಂದ್ರಲ್ಲಿ ಕತ್ತರಿಸಬಾರ್ದು ಕಣೆ," ಎಂದು ಅಕ್ಕ ಬ್ಲೇಡು ಊರುವ ಮೊದಲು ನಡುವಿನ ಪುಟಗಳ ಮೇಲೆ ಕಣ್ಣಾಡಿಸಿದ್ದಳು. "ಇಲ್ಲಿ ನೋಡು, ಎಲ್ಲ ಊಟಕ್ಕೆ ಕೂತಿದಾರೆ. ಪಾಪ, ಕೈ ತೊಳೀಲಿ, ಆಮೇಲೆ ಕತ್ತರಿಸ್ತೀನಿ."

ಅವರೆಲ್ಲ ಕೈ ತೊಳೆದರು. ಅಕ್ಕ ಎರಡೂ ತುಂಡುಗಳನ್ನು ಬೇರೆ ಬೇರೆಯಾಗಿ ದಬ್ಬಣದಿಂದ ಹೊಲಿದು ಮೊದಲರ್ಧವನ್ನು ನನ್ನ ಕೈಗಿಟ್ಟಳು. "ಈ ಸಲ ನೀನೇ ಮೊದ್ಲು ಓದು. ನಂದು ಸೇತುವೆ ಮುಗಿದಿಲ್ಲ."

ಸೇತುವೆ ಎಂದರೆ, ಉಕ್ಕಿನ ಸೇತುವೆ ಕಟ್ಟಿದವರ ಬಗ್ಗೆ ಅವಳು ಓದುತ್ತಿದ್ದ ಪುಸ್ತಕ. ಕಥೆಯಿಲ್ಲದ ಪುಸ್ತಕ ಹೇಗೆ ಓದ್ತೀಯೋ ಎಂದೆ. "ನಿಂಗೆ ಯಾರಾದ್ರೂ ಮದುವೆ ಆದ್ರೆ ಮಾತ್ರ ಕಥೆ," ಎಂದಳು.

ಮಂಗಳವಾರ ಬೆಳಿಗ್ಗೆ ಅಕ್ಕ ಹೃದಯಾಘಾತದಿಂದ ತೀರಿಕೊಂಡಳು.

ನನ್ನ ಬಳಿಯಿದ್ದ ಅರ್ಧವನ್ನು ಆಮೇಲಿನ ವಾರಗಳಲ್ಲಿ ನಿಧಾನವಾಗಿ ಓದಿದೆ. ಹೆದ್ದಾರಿಯ ಪಕ್ಕ ಸಣ್ಣ ಹೋಟೆಲು ನಡೆಸುವ ಹೆಂಗಸಿನ ಕಥೆ. ಗಿರಾಕಿಗಳ ಜೊತೆ ಆಕೆ ಆಡುವ ಮಾತುಗಳು ಎಷ್ಟು ಚೆನ್ನಾಗಿವೆಯೆಂದರೆ ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕಿದ್ದೇನೆ. ಅಂಥ ದಿನಗಳಲ್ಲಿ ನಗಬಹುದೇ ಎಂದು ಆಮೇಲೆ ನಾಚಿಕೆಯಾಗಿದೆ. ಆ ಭಾಗ ಮುಗಿಯುವುದು ಆಕೆಯ ಹಸು ಗೌರಿ ಸತ್ತ ದಿನ, ಎಲ್ಲರೂ ಊಟ ಮುಗಿಸಿ ಕೈ ತೊಳೆಯುವಲ್ಲಿ. ಮುಂದೇನಾಯಿತೆಂದು ತಿಳಿಯುವ ಆಸೆಯಿದ್ದರೂ ಉಳಿದರ್ಧ ಕೊಡಿ ಎಂದು ಭಾವನನ್ನು ಕೇಳಲು ಬಾಯಿ ಬರಲಿಲ್ಲ. ಅವರ ಮೌನವೇ ನನಗೆ ಭಯ ಹುಟ್ಟಿಸಿತ್ತು. ಹೆಂಡತಿಗಾಗಿ ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಕರ್ಮಗಳು ಮುಗಿದ ಮರುದಿನವೇ ಕೆಲಸಕ್ಕೆ ಹೋದರು. ಫೋನು ಮಾಡಿದರೆ "ಹೂಂ, ಊಟ ಆಯ್ತು" ಎನ್ನುವುದು ಬಿಟ್ಟು ಮಾತಿಲ್ಲ. ಅಕ್ಕನ ಜೊತೆ ಇವರನ್ನೂ ಕಳೆದುಕೊಂಡೆವೇನೋ ಎಂದುಕೊಂಡಿದ್ದೆ.

ಹೋದ ತಿಂಗಳು ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ನೀರು ಕೊಡುವ ಮೊದಲೇ ಕೇಳಿದರು, "ಆ ಗೌರಿ ಹೆಂಗೆ ಸತ್ತಿದ್ದು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದಿನಪತ್ರಿಕೆ ಬಿಟ್ಟು ಏನನ್ನೂ ಓದದ ಭಾವ, ಅಕ್ಕನ ದಿಂಬಿನ ಪಕ್ಕದಲ್ಲೇ ಉಳಿದಿದ್ದ ಎರಡನೆಯರ್ಧವನ್ನು ಓದಿದ್ದರು. ಮೊದಲರ್ಧ ಇಲ್ಲದೆ!

"ಮನೇಲಿ ಮಾತೇ ಇಲ್ಲ, ಅದಕ್ಕೆ ಓದ್ದೆ," ಎಂದರು. "ಗೌರಿ ಹೋದ್ಳು ಅಂತ ಆ ತಾಯಿ ಹಿತ್ತಲ ಬಾಗಿಲೇ ತೆಗೆಯಲ್ಲ. ಹಬ್ಬ ಮಾಡಲ್ಲ. ಎಷ್ಟು ವಯಸ್ಸು ಆ ಹುಡುಗಿಗೆ? ಜ್ವರ ಗಿರ ಬಂದಿತ್ತಾ?"

"ಭಾವ, ಗೌರಿ ಹಸು."

"ಹಸೂನಾ?"

"ಹಸು. ಹಾಲು ಕರೆಯೋಕೆ ಹೋದ್ರೆ ಒದೀತಿತ್ತು."

ಅವರು ನನ್ನನ್ನೇ ನೋಡಿದರು. "ಮಾರಾಯ್ತಿ, ಎರಡು ದಿನ ಅತ್ತಿದೀನಲ್ಲೇ! ಕೆಲಸಕ್ಕೆ ರಜಾ ಹಾಕಿ ಅತ್ತಿದೀನಿ!"

ತಡೆಯಲಾಗದೆ ನಾನು ನಕ್ಕೆ. ಅವರೂ ನಕ್ಕರು, ಭುಜ ಕುಲುಕುವಷ್ಟು ನಕ್ಕರು. "ನಿಮ್ಮಕ್ಕಂಗೆ ಗೊತ್ತಾಗಿದ್ರೆ ಇಡೀ ಜನ್ನಾಪುರಕ್ಕೆ ಸಾರಿಕೊಂಡು ಬರ್ತಿದ್ಳು," ಎಂದರು. ಹಾಗೆ ಹೇಳಿದ್ದೇ ಅಳತೊಡಗಿದರು. ಆಮೇಲೆ ಮುಖ ತೊಳೆದು ಬಂದು ಎರಡು ಲೋಟ ಕಾಫಿ ಕುಡಿದು, ಮೊದಲರ್ಧವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಮುಂದಿನ ವಾರ ಉಳಿದರ್ಧ ನನ್ನ ಕೈ ಸೇರಿತು.

ಈಗ ಭಾನುವಾರಗಳಿಗೆ ಕೆಲಸ ಸಿಕ್ಕಿದೆ: ಭಾವ ಬರುತ್ತಾರೆ, ಓದಿದ್ದರ ಬಗ್ಗೆ ಮಾತಾಡುತ್ತೇವೆ. ಭಾವ ಸೇತುವೆಯ ಪುಸ್ತಕವನ್ನೂ ಮುಗಿಸಿದರು. ಬರೆದವನು ಎಂಜಿನಿಯರುಗಳನ್ನೆಲ್ಲ ಹೊಗಳಿ ರಿವೆಟ್ ಮೊಳೆ ಹೊಡೆದ ಕೆಲಸಗಾರರಿಗೆ ಬರೀ ಅರ್ಧ ಪುಟ ಕೊಟ್ಟಿದ್ದಾನೆಂದು ಅವರಿಗೆ ಕೋಪ. ಆ ಅರ್ಧ ಪುಟವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಿಜಕ್ಕೂ ಅದು ಒಳ್ಳೆಯ ಕಥೆ, ಅದರಲ್ಲಿ ಯಾರೂ ಮದುವೆಯಾಗದಿದ್ದರೂ.

ಕಾದಂಬರಿಯ ಬಗ್ಗೆ ನನ್ನ ತಕರಾರು ಒಂದೇ. ಕೊನೆಯಲ್ಲಿ ಆ ಹೆಂಗಸು ಹೋಟೆಲು ಮುಚ್ಚಿ ತಮ್ಮನ ಮನೆಗೆ ಹೋಗಿಬಿಡುತ್ತಾಳೆ. ಅಷ್ಟು ಗಟ್ಟಿ ಹೆಂಗಸು ಹಾಗೆ ಹೋಗುವವಳಲ್ಲ ಎಂದು ನನಗನ್ನಿಸುತ್ತದೆ. ಭಾವನಿಗೆ ಹೇಳಿದೆ. "ನೀನು ಹೇಳೋದೇ ಸರಿ ಇರಬಹುದು," ಎಂದು ಒಪ್ಪಿಬಿಟ್ಟರು.

ಅಕ್ಕ ಆ ಕಾದಂಬರಿಯನ್ನು ಓದಲೇ ಇಲ್ಲ. ಅವಳು ಏನೆನ್ನುತ್ತಿದ್ದಳೆಂಬುದು ನಮಗಿಬ್ಬರಿಗೂ ಗೊತ್ತಿಲ್ಲ.